ಅಪ್ಪನ ಅಂಗಡಿಯ ಹಳೆ ಲೆಕ್ಕಪತ್ರ: ಯಾವುದನ್ನು ಎಷ್ಟು ವರ್ಷ ಇಡಬೇಕು?

ಬಾಂಡೆ ಅಂಗಡಿ ಮಗಳು, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ದುರ್ಗದಬೈಲ್ ಹತ್ತಿರ ನಮ್ಮದೊಂದು ಬಾಂಡೆ ಸಾಮಾನಿನ ಅಂಗಡಿ ಇದೆ. 1991ರಲ್ಲಿ ಅಪ್ಪ ಶುರು ಮಾಡಿದ್ದು. ಹೋದ ವರ್ಷ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಈಗ ಗಲ್ಲೆ ಮೇಲೆ ತಮ್ಮ ಕೂರುತ್ತಾನೆ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ.

ಈ ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡಿಸಿದೆವು. 14 ಗೋಣಿ ಚೀಲ ಕೆಳಗೆ ಬಂದವು. ಬಿಲ್ ಬುಕ್, ಖರೀದಿ ಬಿಲ್, ಬ್ಯಾಂಕ್ ಪಾಸ್‌ಬುಕ್, ಲಾರಿ ರಸೀದಿ, ಕೆಂಪು ಬಟ್ಟೆ ಹೊದಿಸಿದ ಕಿರ್ದಿ. ಒಂದೊಂದು ಕಿರ್ದಿಯ ಮೊದಲ ಪುಟದಲ್ಲೂ ಲಕ್ಷ್ಮೀಪೂಜೆಯ ಅರಿಶಿನ ಕುಂಕುಮದ ಕಲೆ ಹಾಗೇ ಇದೆ. ಎರಡು ಚೀಲಕ್ಕೆ ಒರಲಿ ಹತ್ತಿದೆ.

ರದ್ದಿಯವರು ಆಗಲೇ ಎರಡು ಸಲ ಬಂದು ಹೋದರು. ತಮ್ಮ "ಮೂರು ವರ್ಷದ್ದು ಇಟ್ಟರೆ ಸಾಕು ಅಕ್ಕಾ, ಉಳಿದದ್ದು ಕೊಟ್ಟುಬಿಡು" ಅನ್ನುತ್ತಾನೆ. ಅವ್ವ ಒಂದು ಚೀಟಿ ಕೂಡ ಹೊರಗೆ ಹೋಗಬಾರದು ಅನ್ನುತ್ತಾಳೆ. ಅಪ್ಪ ಇದ್ದಿದ್ದರೆ ಕೇಳಬಹುದಿತ್ತು.

ನಮ್ಮದು ಒಬ್ಬರದೇ ಹೆಸರಿನ ಅಂಗಡಿ. 2017ರ ಜುಲೈಗೆ ಮೊದಲು ವ್ಯಾಟ್ (ಆಗಿನ ಮಾರಾಟ ತೆರಿಗೆ), ಆಮೇಲೆ ಜಿಎಸ್‌ಟಿ. ವಹಿವಾಟು ಯಾವ ವರ್ಷವೂ ಎರಡು ಕೋಟಿ ದಾಟಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕೊಪ್ಪೀಕರ್ ರೋಡ್ ಮೊಬೈಲ್ಸ್, ಹುಬ್ಬಳ್ಳಿ

ಅಕ್ಕಾ, ನಿಮ್ಮ ತಮ್ಮ ಹೇಳಿದ್ದೇ ಸರಿ. ಮೂರು ವರ್ಷ ಸಾಕು. ಈಗ ರಿಟರ್ನ್ ಎಲ್ಲಾ ಜಿಎಸ್‌ಟಿ ಪೋರ್ಟಲ್‌ನಲ್ಲೇ ಇರುತ್ತೆ ಅಲ್ವಾ? ಕಾಗದ ಯಾಕೆ ಬೇಕು? ಸುಮ್ನೆ ಜಾಗ ತಿನ್ನುತ್ತೆ.

ತೆರಿಗೆ ಸಲಹೆಗಾರ, ವಿದ್ಯಾನಗರ

ಅಕ್ಕಾ, ಇನ್ನೊಂದು ವಾರ ರದ್ದಿಯವರನ್ನು ಬರಬೇಡಿ ಅನ್ನಿ. ಮೊದಲು ಲೆಕ್ಕ ಹಾಕೋಣ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ ಮೂರು ವರ್ಷದ ಮಾತು ನಂಬಿ ಕೈ ಸುಟ್ಟುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಮೊದಲು ಜಿಎಸ್‌ಟಿ. ಕಾಯ್ದೆಯ 36ನೇ ಕಲಂ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. 72 ತಿಂಗಳು ಅಂದರೆ ಆರು ವರ್ಷ. ಎಣಿಕೆ ಬಿಲ್ಲಿನ ತಾರೀಖಿನಿಂದ ಅಲ್ಲ, ರಿಟರ್ನಿನ ಕಡೇ ದಿನದಿಂದ. ಎಲ್ಲರೂ ಎಡವುವುದು ಇಲ್ಲೇ.

ಒಂದು ಬಿಲ್ ಹಿಡಿದು ನೋಡಿ. 2023ರ ಏಪ್ರಿಲ್ 1ರಂದು ನೀವು ಕುಕ್ಕರ್ ಖರೀದಿ ಮಾಡಿದಿರಿ. ಅದು 2023-24ರ ಲೆಕ್ಕ. ಆ ವರ್ಷದ ವಾರ್ಷಿಕ ರಿಟರ್ನಿಗೆ ಕಡೇ ದಿನ 2024ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ ಎಣಿಸಿದರೆ 2030ರ ಡಿಸೆಂಬರ್ 31. ಅಂದರೆ ಆ ಒಂದು ಬಿಲ್ ಏಳು ವರ್ಷ ಒಂಬತ್ತು ತಿಂಗಳು ನಿಮ್ಮ ಹತ್ತಿರ ಇರಬೇಕು. ಬಾಯಲ್ಲಿ ಆರು ಅಂದರೂ ಕೈಯಲ್ಲಿ ಹತ್ತಿರ ಹತ್ತಿರ ಎಂಟು.

ನಿಮ್ಮ ಅಟ್ಟದ ಹಳೆ ಜಿಎಸ್‌ಟಿ ಚೀಲಗಳ ಕಥೆ ಇನ್ನೂ ಬೇರೆ. ಆಗ ಕಡೇ ದಿನವನ್ನು ಸರ್ಕಾರ ಮತ್ತೆ ಮತ್ತೆ ಮುಂದೆ ಹಾಕಿತ್ತು. 2017-18ರದ್ದು 2020ರ ಫೆಬ್ರವರಿಗೆ ಹೋಯಿತು. ಹಾಗಾಗಿ ಆ ಚೀಲ 2026ರ ಫೆಬ್ರವರಿ ಮುಗಿಯುವ ತನಕ ಇರಬೇಕು. 2018-19ರದ್ದು 2020ರ ಡಿಸೆಂಬರ್ 31ಕ್ಕೆ ಹೋಯಿತು, ಅದು 2026ರ ಡಿಸೆಂಬರ್ ತನಕ. 2019-20ರದ್ದು 2021ರ ಮಾರ್ಚ್ 31, ಅದು 2027ರ ಮಾರ್ಚ್ ತನಕ. 2020-21ರದ್ದು 2022ರ ಫೆಬ್ರವರಿ, ಅದು 2028ರ ಫೆಬ್ರವರಿ ತನಕ. 2021-22ರಿಂದ ಈಚೆಗೆ ಮತ್ತೆ ಡಿಸೆಂಬರ್ 31ರ ಲೆಕ್ಕವೇ.

ಅಪೀಲು, ತನಿಖೆ ಏನಾದರೂ ನಡೆಯುತ್ತಿದ್ದರೆ ಅದು ಮುಗಿದ ಮೇಲೆ ಇನ್ನೂ ಒಂದು ವರ್ಷ ಇಡಬೇಕು. 72 ತಿಂಗಳು ಮತ್ತು ಈ ಒಂದು ವರ್ಷ, ಎರಡರಲ್ಲಿ ಯಾವುದು ಕೊನೆಗೆ ಬರುತ್ತದೋ ಅಲ್ಲಿಯ ತನಕ.

ಮೊಬೈಲ್ ಅಂಗಡಿಯ ತಮ್ಮನಿಗೆ ಒಂದು ಮಾತು. ಪೋರ್ಟಲ್ ಅಂದರೆ ನಮ್ಮ ಅಟ್ಟ ಅಲ್ಲ. ರಿಟರ್ನುಗಳನ್ನು ಏಳು ವರ್ಷ ಮಾತ್ರ ತೋರಿಸುವುದು ಅವರ ನೀತಿ. 2024ರಲ್ಲಿ 2017ರ ಜುಲೈ ತಿಂಗಳ ರಿಟರ್ನ್ ಹಾಗೇ ಮರೆಯಾಗಿತ್ತು. ವ್ಯಾಪಾರಿಗಳು ತೊಂದರೆ ಹೇಳಿಕೊಂಡ ಮೇಲೆ ವಾಪಸ್ ತಂದರು. ಅದಕ್ಕೇ ಪ್ರತಿ ವರ್ಷದ ರಿಟರ್ನ್ ಇಳಿಸಿಕೊಂಡು ಇಟ್ಟುಕೊಳ್ಳಿ. ಇನ್ನೊಂದು ವಿಷಯ, ಪೋರ್ಟಲ್‌ನಲ್ಲಿ ಇರುವುದು ಅಂಕಿ ಮಾತ್ರ. ನೀವು ಖರೀದಿ ಮಾಡಿದ ಬಿಲ್ಲಿನ ಪ್ರತಿ ಅಲ್ಲಿ ಇಲ್ಲ. ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡವರೇ ಅದನ್ನು ಸಾಬೀತು ಮಾಡಬೇಕು ಅಂತ 155ನೇ ಕಲಂ ಹೇಳುತ್ತದೆ.

ಬಿಲ್ ಒಂದೇ ಇದ್ದರೂ ಸಾಲುವುದಿಲ್ಲ. 2023ರ ಮಾರ್ಚಿನಲ್ಲಿ ನಮ್ಮ ರಾಜ್ಯದ್ದೇ ಒಂದು ಕಾಫಿ ವ್ಯಾಪಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅದು ವ್ಯಾಟ್ ಕಾಲದ ಕೇಸು. ಬಿಲ್ ತೋರಿಸಿ ಚೆಕ್ಕಿನಲ್ಲಿ ಹಣ ಕೊಟ್ಟೆ ಅಂದರೆ ಆಗಲಿಲ್ಲ, ಮಾಲು ನಿಜವಾಗಿ ಬಂತು ಅನ್ನುವುದಕ್ಕೂ ಆಧಾರ ಬೇಕು ಅಂತ. ಲಾರಿ ನಂಬರು, ಬಾಡಿಗೆ ಕೊಟ್ಟ ಚೀಟಿ, ಮಾಲು ಮುಟ್ಟಿದ ರಸೀದಿ. ನೀವು ಬರೆದಿರಲ್ಲ, ಚೀಲದಲ್ಲಿ ಲಾರಿ ರಸೀದಿ ಇವೆ ಅಂತ. ನಿಮ್ಮ ಅಪ್ಪ ತಿಳಿದೇ ಇಟ್ಟಿದ್ದಾರೆ.

ಬಾಂಡೆ ಅಂಗಡಿ ಮಗಳು, ಹುಬ್ಬಳ್ಳಿ

ತುಂಬಾ ಧನ್ಯವಾದ ಸರ್. ಕಡೇ ಸಾಲು ಅವ್ವನಿಗೆ ಓದಿ ಹೇಳಿದೆ.

ಎರಡು ಕೋಟಿ ಒಳಗಿದ್ದವರಿಗೆ ವಾರ್ಷಿಕ ರಿಟರ್ನಿಗೆ ವಿನಾಯಿತಿ ಇತ್ತಲ್ಲ, ನಾವು ಹಾಕಿಯೇ ಇಲ್ಲ. ಆಗ ಎಣಿಕೆ ಎಲ್ಲಿಂದ? ಮತ್ತೆ ಅಪ್ಪನ ನೋಂದಣಿ ರದ್ದಾಗಿದೆ, ತಮ್ಮನ ಹೆಸರಿನಲ್ಲಿ ಹೊಸ ನಂಬರ್ ಬಂದಿದೆ. ಅಪ್ಪನ ಕಾಲದ ಕಾಗದ ಇನ್ನೂ ಬೇಕಾ?

ತೆರಿಗೆ ಸಲಹೆಗಾರ, ವಿದ್ಯಾನಗರ

ವಿನಾಯಿತಿ ಸಿಕ್ಕಿದ್ದು ರಿಟರ್ನಿಗೆ, ಕಾಗದ ಇಡುವುದಕ್ಕೆ ಅಲ್ಲ. ಆ ವರ್ಷದ ಕಡೇ ದಿನ ಎಲ್ಲರಿಗೂ ಒಂದೇ. ಅಲ್ಲಿಂದಲೇ ಎಣಿಸಿ.

ಅಪ್ಪನ ಕಾಗದ ಖಂಡಿತ ಬೇಕು. ನೋಂದಣಿ ರದ್ದಾದರೂ ಅದಕ್ಕೆ ಹಿಂದಿನ ಹೊಣೆ ಹೋಗುವುದಿಲ್ಲ. ವ್ಯಾಪಾರವನ್ನು ಮನೆಯವರೇ ಮುಂದುವರಿಸಿದರೆ ಆ ಹೊಣೆ ಅವರಿಗೆ ಬರುತ್ತದೆ, 93ನೇ ಕಲಂನಲ್ಲಿದೆ. ಆದಾಯ ತೆರಿಗೆಯಲ್ಲೂ ವಾರಸುದಾರರನ್ನು ಕೇಳಬಹುದು, ಆದರೆ ಅವರಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಒಂದು ಕೆಲಸ ಮಾಡಿ. ಅಪ್ಪನ ನಂಬರಿನ ಕಡೆಯ ಬಿಲ್ ಯಾವುದು, ತಮ್ಮನ ನಂಬರಿನ ಮೊದಲ ಬಿಲ್ ಯಾವುದು, ಅಲ್ಲಿಗೆ ಗೆರೆ ಎಳೆದು ಎರಡು ಬೇರೆ ಕಟ್ಟು ಮಾಡಿ. ಅಂಗಡಿಯಲ್ಲಿ ಉಳಿದಿದ್ದ ಮಾಲಿನ ಕ್ರೆಡಿಟ್ ತಮ್ಮನ ನಂಬರಿಗೆ ಐಟಿಸಿ-02 ಹಾಕಿ ದಾಟಿಸಿದ್ದರೆ ಆ ಅರ್ಜಿಯ ಪ್ರತಿ ಎರಡೂ ಕಟ್ಟಿನಲ್ಲಿರಲಿ.

ಒಂದು ಮಾತು ಬಿಟ್ಟುಹೋಗಿತ್ತು, ಇದು ಮುಖ್ಯ. 2017ರ ಜೂನ್ 30ಕ್ಕೆ ಅಂಗಡಿಯಲ್ಲಿದ್ದ ಮಾಲಿನ ಮೇಲೆ ಟ್ರಾನ್-1 ಅರ್ಜಿ ಹಾಕಿ ಹಳೆ ವ್ಯಾಟ್ ಕ್ರೆಡಿಟ್ ಜಿಎಸ್‌ಟಿಗೆ ತಂದಿದ್ದೀರಾ ನೋಡಿ. ತಂದಿದ್ದರೆ ಆ ಮಾಲಿನ ವ್ಯಾಟ್ ಕಾಲದ ಖರೀದಿ ಬಿಲ್ಲುಗಳೂ 2017-18ರ ಚೀಲದ ಜೊತೆಗೇ ಇರಬೇಕು. ಅದು ಬಿಟ್ಟು ಉಳಿದ ವ್ಯಾಟ್ ಕಾಗದದಲ್ಲಿ ಕೇಸು, ಅಪೀಲು ಬಾಕಿ ಇಲ್ಲದಿದ್ದರೆ ಅಸೆಸ್‌ಮೆಂಟ್ ಆದೇಶ ಮತ್ತು ತೆರಿಗೆ ತುಂಬಿದ ಚಲನ್ ಇಟ್ಟುಕೊಂಡು ಬಿಲ್ ಬುಕ್ ಬಿಡಬಹುದು ಅನ್ನುವುದು ನನ್ನ ಅಭಿಪ್ರಾಯ.

ಮೆಣಸಿನಕಾಯಿ ದಲಾಲಿ ಅಂಗಡಿ, ಬ್ಯಾಡಗಿ

ನಮಸ್ಕಾರ ಅಕ್ಕೋರೆ. ಕಾಗದ ಎಷ್ಟು ವರ್ಷ ಇಡಬೇಕು ಅನ್ನುವುದರ ಜೊತೆ ಎಷ್ಟು ಕಡೆ ಇಡಬೇಕು ಅನ್ನುವುದೂ ಯೋಚಿಸಿ.

2024ರ ಮಾರ್ಚಿನಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರೇಟು ಬಿದ್ದು ಗಲಾಟೆಯಾದದ್ದು ಎಲ್ಲರಿಗೂ ಗೊತ್ತು. ವಾಹನಗಳಿಗೆ ಬೆಂಕಿ ಬಿತ್ತು, ಎಪಿಎಂಸಿ ಕಚೇರಿ ಮೇಲೂ ಕಲ್ಲು ಬಿತ್ತು. ಅವತ್ತು ಸೋಮವಾರ, ಮಾರುಕಟ್ಟೆ ದಿನ. ನಮ್ಮ ಅಂಗಡಿಗೆ ಏನೂ ಆಗಲಿಲ್ಲ. ಆದರೆ ಬಾಗಿಲು ಎಳೆದುಕೊಂಡು ಒಳಗೆ ಕೂತಿದ್ದಾಗ ನನ್ನ ಕಣ್ಣು ಹೋಗಿದ್ದು ಗೋಡೆಗೆ ಇಟ್ಟಿದ್ದ ಪಟ್ಟಿ ಪುಸ್ತಕಗಳ ಮೇಲೆ. ಯಾವ ರೈತರ ಮಾಲು ಎಷ್ಟು ಚೀಲ, ಎಷ್ಟು ತೂಕ, ಹಮಾಲಿ ಎಷ್ಟು, ಕೈಗೆ ಎಷ್ಟು ಕೊಟ್ಟೆ, ಎಲ್ಲಾ ಅದರಲ್ಲೇ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಆವತ್ತಿನಿಂದ ಪ್ರತಿ ಮಾರುಕಟ್ಟೆ ದಿನ ಸಂಜೆ ಎಲ್ಲ ಪಟ್ಟಿ ಸ್ಕ್ಯಾನ್ ಮಾಡುತ್ತೇವೆ. ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿ ಇರುತ್ತದೆ. ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವವರು ಬೆಂಕಿ, ನೀರಿನಿಂದ ಹಾಳಾದರೂ ವಾಪಸ್ ತೆಗೆಯುವ ಹಾಗೆ ಬ್ಯಾಕಪ್ ಇಡಬೇಕು ಅಂತ ಜಿಎಸ್‌ಟಿ ನಿಯಮ 57ರಲ್ಲೇ ಇದೆ ಅಂತ ನಮ್ಮ ಆಡಿಟರ್ ಆಮೇಲೆ ಹೇಳಿದರು.

ಇನ್ನೊಂದು, ಕಾಟಾ ಚೀಟಿ. ವೇ ಬ್ರಿಜ್‌ನವರು ಕೊಡುವ ನುಣ್ಣನೆಯ ಕಾಗದ ಒಂದು ಬೇಸಿಗೆ ಕಳೆಯುವುದರೊಳಗೆ ಬೆಳ್ಳಗಾಗುತ್ತದೆ. ನಾನು 2022ರ ಒಂದು ಕಟ್ಟು ಬಿಚ್ಚಿದರೆ ಪಿನ್ ಹೊಡೆದ ಜಾಗ ಬಿಟ್ಟು ಏನೂ ಕಾಣಲಿಲ್ಲ. ಬಿಸಿಲಿಗೆ ಹಿಡಿದರೂ ಒಂದಂಕಿ ಇಲ್ಲ. ಪೆಟ್ರೋಲ್ ಬಂಕಿನ ಚೀಟಿ, ಎಟಿಎಂ ಚೀಟಿ ಎಲ್ಲಾ ಅದೇ ಜಾತಿ. ಬಂದ ದಿನವೇ ಝೆರಾಕ್ಸ್ ತೆಗೆಸಿ ಎರಡನ್ನೂ ಸೇರಿಸಿ ಪಿನ್ ಹೊಡೆಯಿರಿ.

ಪ್ರೆಸ್ಸಿನವ, ಗದಗ

ಇದು ಪೂರ್ತಿ ಸತ್ಯ. ನಾನು ಬಿಲ್ ಬುಕ್ ಅಚ್ಚು ಹಾಕುವವನು. ಕಾರ್ಬನ್ ಪ್ರತಿ, ಬಾಲ್ ಪೆನ್ನಿನ ಬರಹ ವರ್ಷಗಟ್ಟಲೆ ಇರುತ್ತದೆ. ಶಾಖದಿಂದ ಮೂಡುವ ಕಾಗದ ನಂಬಬೇಡಿ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಟ್ಟರೆ ಇನ್ನೂ ಬೇಗ ಹೋಗುತ್ತದೆ.

ನನ್ನ ಗಿರಾಕಿಗಳಿಗೆ ಹೇಳುವ ಒಂದು ಸಣ್ಣ ವಿಷಯ ಇಲ್ಲೂ ಹೇಳುತ್ತೇನೆ. ಏಪ್ರಿಲ್ 1ಕ್ಕೆ ಹೊಸ ಬಿಲ್ ಬುಕ್ ಶುರು ಮಾಡಿ, ಹಳೆಯದರಲ್ಲಿ ಹಾಳೆ ಉಳಿದಿದ್ದರೂ ಸರಿ. ಒಂದೇ ಪುಸ್ತಕದಲ್ಲಿ ಎರಡು ವರ್ಷದ ಬಿಲ್ ಇದ್ದರೆ ಇಡೀ ಪುಸ್ತಕವನ್ನು ಒಂದು ವರ್ಷ ಜಾಸ್ತಿ ಇಡಬೇಕಾಗುತ್ತದೆ. ಜಿಎಸ್‌ಟಿ ಬಿಲ್ ನಂಬರು 16 ಅಕ್ಷರ ದಾಟಬಾರದು, ಒಂದು ವರ್ಷದೊಳಗೆ ಅದೇ ನಂಬರು ಎರಡು ಸಲ ಬರಬಾರದು. ನಂಬರಿನಲ್ಲೇ ವರ್ಷ ಸೇರಿಸಿಬಿಟ್ಟರೆ ಏಳು ವರ್ಷ ಆದ ಮೇಲೆ ಹುಡುಕುವವರಿಗೆ ಸುಲಭ. ಪುಸ್ತಕದ ಬೆನ್ನಿನ ಮೇಲೂ ವರ್ಷ ಅಚ್ಚು ಹಾಕಿ ಕೊಡುತ್ತೇನೆ, ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಕ್ಲಿನಿಕ್, ಧಾರವಾಡ

ನಮ್ಮಂಥವರಿಗೆ ಬೇರೆ ನಿಯಮ ಇದೆಯಾ? ನನ್ನದು ಸಣ್ಣ ಕ್ಲಿನಿಕ್. ನಮ್ಮ ಪಕ್ಕದಲ್ಲಿ ಒಬ್ಬ ವಕೀಲರು, ಒಬ್ಬ ಎಂಜಿನಿಯರ್ ಇದ್ದಾರೆ, ಅವರದೂ ಇದೇ ಪ್ರಶ್ನೆ.

ತೆರಿಗೆ ಸಲಹೆಗಾರ, ವಿದ್ಯಾನಗರ

ಇದೆ ಡಾಕ್ಟ್ರೇ. ವೈದ್ಯರು, ವಕೀಲರು, ಎಂಜಿನಿಯರು, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು ಇಂಥವರಿಗೆ ಆದಾಯ ತೆರಿಗೆಯ ನಿಯಮ 6ಎಫ್. ಅಸೆಸ್‌ಮೆಂಟ್ ವರ್ಷ, ಅಂದರೆ ಗಳಿಕೆಯ ವರ್ಷದ ಮುಂದಿನ ವರ್ಷ, ಮುಗಿದ ಮೇಲೆ ಆರು ವರ್ಷ. ಇಲ್ಲೂ ಎಣಿಕೆ ತಡವಾಗಿ ಶುರುವಾಗುತ್ತದೆ ನೋಡಿ. 2019-20ರ ಗಳಿಕೆಗೆ ಅಸೆಸ್‌ಮೆಂಟ್ ವರ್ಷ 2020-21. ಅದು 2021ರ ಮಾರ್ಚ್ 31ಕ್ಕೆ ಮುಗಿಯಿತು. ಅಲ್ಲಿಂದ ಆರು ವರ್ಷ ಅಂದರೆ 2027ರ ಮಾರ್ಚ್ 31. ವೈದ್ಯರಿಗೆ ದಿನದಿನದ ರೋಗಿಗಳ ರಿಜಿಸ್ಟರ್ ಕೂಡ ಇದರಲ್ಲಿ ಸೇರುತ್ತದೆ, ನಮೂನೆ 3ಸಿ. ಆ ವರ್ಷದ ಅಸೆಸ್‌ಮೆಂಟ್ ಮತ್ತೆ ತೆರೆದಿದ್ದರೆ ಅದು ಮುಗಿಯುವ ತನಕ ಇಡಬೇಕು.

ಅಂಗಡಿಕಾರರಿಗೆ ಆದಾಯ ತೆರಿಗೆಯಲ್ಲಿ ನೋಡಬೇಕಾದದ್ದು ಹಳೆ ವರ್ಷದ ಲೆಕ್ಕವನ್ನು ಇಲಾಖೆ ಎಲ್ಲಿಯ ತನಕ ಮತ್ತೆ ತೆರೆಯಬಹುದು ಅನ್ನುವುದು. 2024ರ ಸೆಪ್ಟೆಂಬರ್ 1ರಿಂದ ಅದು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 3 ವರ್ಷ 3 ತಿಂಗಳು. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಆದಾಯ ಬಿಟ್ಟುಹೋಗಿದೆ ಅನ್ನುವ ಆಧಾರ ಸಿಕ್ಕರೆ 5 ವರ್ಷ 3 ತಿಂಗಳು. ಮೂರು ವರ್ಷ ಸಾಕು ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ ಇರಬೇಕು. ಅರ್ಧ ಕೇಳಿಸಿಕೊಂಡಿದ್ದಾರೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಅದರಲ್ಲಿ ಅಸೆಸ್‌ಮೆಂಟ್ ವರ್ಷ ಅನ್ನುವ ಮಾತು ಇಲ್ಲ, ತೆರಿಗೆ ವರ್ಷ ಅಂತ ಇದೆ. ಹಳೆ ವರ್ಷದ ಕಟ್ಟಿನ ಮೇಲೆ ಹಣಕಾಸು ವರ್ಷವನ್ನೇ ಬರೆದುಬಿಟ್ಟರೆ ಗೊಂದಲ ಆಗುವುದಿಲ್ಲ.

ನಷ್ಟ ಆದ ವರ್ಷದ ಕಾಗದವನ್ನು ಮಾತ್ರ ಬೇರೆ ಇಡಿ. ವ್ಯಾಪಾರದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಎಂಟನೇ ವರ್ಷ ಅದನ್ನು ಲಾಭದಲ್ಲಿ ಕಳೆದರೆ, ನಷ್ಟ ಹೇಗಾಯಿತು ಅಂತ ಆಗ ಕೇಳಬಹುದು.

ಫ್ಯಾಬ್ರಿಕೇಷನ್, ತಾರಿಹಾಳ

ನಮ್ಮದು ಪ್ರೈವೇಟ್ ಲಿಮಿಟೆಡ್. ನಮಗೆ ಎಂಟು ವರ್ಷ. ಕಂಪನಿ ಕಾಯ್ದೆ 2013, ಕಲಂ 128. ಮೀಟಿಂಗ್ ನಡಾವಳಿ ಪುಸ್ತಕ ಮಾತ್ರ ಯಾವತ್ತೂ ಬಿಡುವಂತಿಲ್ಲ. ಎಲ್‌ಎಲ್‌ಪಿಗೂ (ಹೊಣೆ ಸೀಮಿತವಾದ ಪಾಲುದಾರಿಕೆ ಸಂಸ್ಥೆಗೂ) ಎಂಟೇ ವರ್ಷ.

ಒಂದು ಅನುಭವ ಹೇಳಲೇಬೇಕು. ನಮ್ಮ ಲೆಕ್ಕ ಎಲ್ಲಾ ಆಗಿನ ಆಡಿಟರ್ ಕಚೇರಿಯ ಕಂಪ್ಯೂಟರ್‌ನಲ್ಲೇ ಇತ್ತು. ಅವರ ಹತ್ತಿರ ಇದೆಯಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. ಒಂದು ಮಳೆಗಾಲ ಆ ಕಂಪ್ಯೂಟರ್ ಕೆಟ್ಟಿತು, ಎರಡು ವರ್ಷದ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ಹೋಯಿತು. ನಮ್ಮ ಹುಡುಗಿಯರು ನಾಲ್ಕು ತಿಂಗಳು ಕೂತು ಬಿಲ್ಲಿನಿಂದ ಮತ್ತೆ ಎಂಟ್ರಿ ಮಾಡಿದರು. ಕಾಗದ ಇದ್ದದ್ದಕ್ಕೆ ಆಯಿತು. ಈಗ ಪ್ರತಿ ಮಾರ್ಚ್ ಮುಗಿದ ಮೇಲೆ ಆ ವರ್ಷದ ಡೇಟಾ ಪೆನ್ ಡ್ರೈವ್‌ನಲ್ಲಿ ನಮ್ಮ ಲಾಕರ್‌ಗೆ ಬರುತ್ತದೆ. ನೋಟಿಸ್ ಬರುವುದು ಆಡಿಟರ್ ಹೆಸರಿಗಲ್ಲ, ನಮ್ಮ ಹೆಸರಿಗೆ.

ಗಿರಮಿಟ್ ಗಾಡಿ, ಹಾವೇರಿ

ನಮ್ಮಂಥ ಸಣ್ಣವರಿಗೂ ಯಾರಾದರೂ ಹೇಳಿ. ನಮಗೆ ಜಿಎಸ್‌ಟಿ ನಂಬರೇ ಇಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ಇಲಾಖೆಯಿಂದ ನೋಟಿಸ್ ಬಂದವಲ್ಲ, ನಮ್ಮ ಊರಿನ ತರಕಾರಿ ವ್ಯಾಪಾರಿಯೊಬ್ಬರಿಗೂ ಬಂತು. ಆವತ್ತಿನಿಂದ ರಾತ್ರಿ ನಿದ್ದೆ ಸರಿ ಬರುವುದಿಲ್ಲ. ಏನು ಬರೆದಿಡಬೇಕು, ಎಷ್ಟು ದಿನ ಇಡಬೇಕು ಯಾರೂ ಹೇಳಿಲ್ಲ.

ತೆರಿಗೆ ಸಲಹೆಗಾರ, ವಿದ್ಯಾನಗರ

ಅಣ್ಣಾ, ಹೆದರಬೇಡಿ. 2025ರ ಜುಲೈನ ಆ ನೋಟಿಸ್‌ಗಳು 2021-22ರಿಂದ 2024-25ರ ತನಕದ ವಹಿವಾಟಿಗೆ ಬಂದಿದ್ದವು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಆದರೆ ಅದರಲ್ಲಿ ನಾವು ಕಲಿಯಬೇಕಾದದ್ದು ಇದೆ. ನಾಲ್ಕು ವರ್ಷದ ಹಿಂದಿನ ಹಣ ಎಲ್ಲಿಂದ ಬಂತು ಅಂತ ಕೇಳಿದಾಗ ತೋರಿಸಲು ಕೈಯಲ್ಲಿ ಒಂದು ಪುಸ್ತಕವೂ ಇರಲಿಲ್ಲ, ತೊಂದರೆ ಆದದ್ದು ಅಲ್ಲೇ.

ನೋಂದಣಿ ಬೇಕಾಗುವುದು ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ. ಗಿರಮಿಟ್, ಮಿರ್ಚಿ ಮಾಡಿ ಕೊಡುವುದು ಹೋಟೆಲಿನ ಲೆಕ್ಕಕ್ಕೆ ಬರುತ್ತದೆ, ಅಂದರೆ ಸೇವೆ. ನಿಮಗೆ 20 ಲಕ್ಷದ ಗೆರೆ ಅಂತ ನೆನಪಿಡಿ. ತಾಜಾ ತರಕಾರಿ, ಹಣ್ಣು, ಹಾಲಿಗೆ ತೆರಿಗೆಯೇ ಇಲ್ಲ. ಆದರೆ ನಾನು ಮಾರಿದ್ದು ತರಕಾರಿ ಅಂತ ತೋರಿಸಲು ಖರೀದಿ ಚೀಟಿ ಬೇಕಲ್ಲ.

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ರಾತ್ರಿ ನಾಲ್ಕು ಸಾಲು. ಇವತ್ತು ಕೈಗೆ ಬಂದ ನಗದು, ಫೋನಿಗೆ ಬಂದದ್ದು, ಮಂಡಕ್ಕಿ ಎಣ್ಣೆ ಹಿಟ್ಟಿಗೆ ಕೊಟ್ಟದ್ದು, ಕಡೆಗೆ ಫೋನಿಗೆ ಬಂದದ್ದರಲ್ಲಿ ವ್ಯಾಪಾರದ್ದಲ್ಲದ ಹಣ. ಭಾವ ಕಳಿಸಿದ 5,000, ಚೀಟಿ ಎತ್ತಿದ ದುಡ್ಡು, ಕೈಗಡ ವಾಪಸ್ ಬಂದದ್ದು, ಎಲ್ಲ ಅದೇ ದಿನ ಹೆಸರು ಹಾಕಿ ಬರೆಯಿರಿ. ನಾಲ್ಕು ವರ್ಷ ಆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಎಣ್ಣೆ ಹಿಟ್ಟಿನ ಚೀಟಿ ತಿಂಗಳಿಗೊಂದು ಲಕೋಟೆ. ಈ ಪುಸ್ತಕ ಎಂಟು ವರ್ಷ ಇಡಿ. ಎಂಟು ನೋಟ್‌ಬುಕ್ ಒಂದು ಚಪ್ಪಲಿ ಡಬ್ಬಿಯಲ್ಲಿ ಹಿಡಿಯುತ್ತವೆ.

ಗಿರಮಿಟ್ ಗಾಡಿ, ಹಾವೇರಿ

ದೇವರು ಒಳ್ಳೇದು ಮಾಡಲಿ ಸರ್. ಇವತ್ತಿನಿಂದಲೇ ಬರೆಯುತ್ತೇನೆ. ಮಗಳು ಏಳನೇ ಕ್ಲಾಸು, ಅವಳ ಅಕ್ಷರ ಚೆನ್ನಾಗಿದೆ.

ನಿವೃತ್ತ ಗುಮಾಸ್ತ, ಬೆಟಗೇರಿ

ಮಕ್ಕಳೇ, ನಾನು 34 ವರ್ಷ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದವನು. ನೀವೆಲ್ಲ ತೆರಿಗೆಯವರು ಕೇಳಿದರೆ ಅಂತ ಮಾತಾಡುತ್ತಿದ್ದೀರಿ, ಸರಿ. ಆದರೆ ಕಾಗದ ಬೇಕಾಗುವುದು ಅವರಿಗೆ ಮಾತ್ರ ಅಲ್ಲ.

ಫ್ಯಾಕ್ಟರಿ ಮುಚ್ಚಿ ಸುಮಾರು ವರ್ಷ ಆಗಿತ್ತು. ಹತ್ತಿ ಅಂಡಿಗೆ ಕಟ್ಟುತ್ತಿದ್ದ ಒಬ್ಬ ಕಾರ್ಮಿಕರು ಒಂದು ದಿನ ಮನೆಗೆ ಬಂದರು. ಪಿಎಫ್ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಅವರ ಲೆಕ್ಕದಲ್ಲಿ ಎಂಟೇ ವರ್ಷ ತೋರಿಸುತ್ತಿತ್ತು. 1996ರಿಂದ ದುಡಿದವರು, ದಾಖಲೆಯಲ್ಲಿ 1999ರಿಂದ ಬಂದಿತ್ತು. ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. "ಅಪ್ಪಾರ, ನೀವೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಿರಿ, ನೆನಪಿದೆಯಾ?" ಅಂದರು.

ಮಾಲೀಕರ ಮನೆಗೆ ಹೋದೆವು. ಪುಣ್ಯಕ್ಕೆ ಅವರ ತಾಯಿ ಮಸ್ಟರ್ ರೋಲ್ ಮತ್ತು ಪಗಾರ ಪುಸ್ತಕಗಳನ್ನು ಟ್ರಂಕಿನಲ್ಲಿ ಇಟ್ಟಿದ್ದರು, ನುಸಿ ಗುಳಿಗೆ ಹಾಕಿ. 1996ರ ನವೆಂಬರ್ ಪುಟ ತೆಗೆದೆ. ನನ್ನದೇ ಅಕ್ಷರ. ಅವರ ಹೆಸರು, ಪಿಎಫ್ ಕಡಿತ ಮಾಡಿದ ರೂಪಾಯಿ, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು. ಮೂರು ವರ್ಷದ ಪುಟಗಳ ಝೆರಾಕ್ಸ್ ಮಾಡಿಸಿ ಅರ್ಜಿಗೆ ಹಚ್ಚಿದೆವು. ಎಂಟು ತಿಂಗಳು ಓಡಾಡಿದೆವು. ಪಿಂಚಣಿ ಬಂತು.

ಅದಕ್ಕೇ ಹೇಳುತ್ತೇನೆ. ಹಾಜರಿ ಪುಸ್ತಕ, ಪಗಾರ ಪಟ್ಟಿ, ಪಿಎಫ್ ಚಲನ್, ಇವಕ್ಕೆ ವರ್ಷ ಎಣಿಸಬೇಡಿ. ಆ ಮನುಷ್ಯರು ಬದುಕಿರುವ ತನಕ ಇಡಿ. ಬಿಲ್ ಬುಕ್ ಹೋದರೆ ದಂಡ ಕಟ್ಟಬಹುದು. ಅವರ ಹೆಬ್ಬೆಟ್ಟು ಹೋದರೆ ಮತ್ತೆ ಎಲ್ಲಿಂದ ತರುತ್ತೀರಿ?

ಬಾಂಡೆ ಅಂಗಡಿ ಮಗಳು, ಹುಬ್ಬಳ್ಳಿ

ಕಾಕಾ, ಓದಿ ಕಣ್ಣು ತುಂಬಿತು. ನಮ್ಮ ಚೀಲಗಳಲ್ಲಿ ಅಂಥದ್ದು ಇದೆಯಾ ನೋಡಿಯೇ ಇಲ್ಲ. ಇವತ್ತು ಸಂಜೆ ನೋಡುತ್ತೇನೆ.

ನವನಗರ ನಿವಾಸಿ

ಮನೆ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿ ಚೀಲದಲ್ಲೇ ಮನೆ ಕಟ್ಟಿಸಿದ ಬಿಲ್ ಇಟ್ಟಿರುತ್ತಾರೆ ನಮ್ಮ ಹಿರಿಯರು. ಅದನ್ನು ರದ್ದಿಗೆ ಹಾಕಬೇಡಿ.

ನಾವು ಮನೆ ಮಾರುವಾಗ ಗೊತ್ತಾಯಿತು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆ, ಜಾಗ ಮಾರಿದರೆ ಲಾಭದ ಮೇಲೆ ಸುಮ್ನೆ 12.5 ಪರ್ಸೆಂಟ್ ಕಟ್ಟಬಹುದು, ಇಲ್ಲವೇ ಬೆಲೆ ಏರಿಕೆ ಸೂಚ್ಯಂಕ ಹಚ್ಚಿ ಕೊಂಡ ಬೆಲೆ ಏರಿಸಿಕೊಂಡು, ಉಳಿದ ಲಾಭದ ಮೇಲೆ 20 ಪರ್ಸೆಂಟ್. ಯಾವುದು ಕಡಿಮೆಯೋ ಅದು. ಎರಡಕ್ಕೂ ಕೊಂಡ ಬೆಲೆ, ಮೇಲಂತಸ್ತು ಕಟ್ಟಿಸಿದ ಖರ್ಚು ತೋರಿಸಬೇಕು. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು, ಅದಾದ ಮೇಲೆ ಮಾಡಿಸಿದ ಕೆಲಸಕ್ಕೆ ಬಿಲ್ ಬೇಕೇ ಬೇಕು. ನಮ್ಮ ಮನೆಯಲ್ಲಿ 2006ರಲ್ಲಿ ಮೇಲೆ ಎರಡು ಕೋಣೆ ಕಟ್ಟಿಸಿದ್ದೆವು. ಕಬ್ಬಿಣ, ಸಿಮೆಂಟಿನ ಒಂದು ಬಿಲ್ಲೂ ಸಿಗಲಿಲ್ಲ. ಆ ಖರ್ಚು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಮನೆ ಮಾರುವ ತನಕ, ಮಾರಿದ ಮೇಲೆ ಇನ್ನೂ ಎಂಟು ವರ್ಷ ಇಡಿ.

ಕಿರಾಣಿ, ರಾಣೆಬೆನ್ನೂರು

ಉದ್ರಿ ಪುಸ್ತಕ? ನನ್ನ ಹತ್ತಿರ ಹತ್ತು ವರ್ಷದ್ದು ಇದೆ.

ತೆರಿಗೆ ಸಲಹೆಗಾರ, ವಿದ್ಯಾನಗರ

ಮಾಲು ಉದ್ರಿ ಕೊಟ್ಟದ್ದಕ್ಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ಆದರೆ ಆ ಮೂರು ವರ್ಷದೊಳಗೆ ಗಿರಾಕಿ "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಅವತ್ತಿನಿಂದ ಮತ್ತೆ ಹೊಸ ಮೂರು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಾಕಿ ತೋರಿಸಿ ಸಹಿ ತೆಗೆದುಕೊಳ್ಳಿ. ಸಹಿ ಇರುವ ಪುಟ ಹಣ ಬರುವ ತನಕ ಇರಲಿ.

ಕೊಪ್ಪೀಕರ್ ರೋಡ್ ಮೊಬೈಲ್ಸ್, ಹುಬ್ಬಳ್ಳಿ

ನಾನು ಮೊದಲು ಹೇಳಿದ್ದು ತಪ್ಪು ಅಂತ ಒಪ್ಪುತ್ತೇನೆ. ಎಲ್ಲರೂ ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ನಾನು 2019-20ರದ್ದು ಆಗಲೇ ರದ್ದಿಗೆ ಹಾಕಿಬಿಟ್ಟಿದ್ದೇನೆ. ಫೋನಿನಲ್ಲಿ ಖರೀದಿ ಬಿಲ್ ಫೋಟೋ ಇವೆ. ನಡೆಯುತ್ತಾ?

ತೆರಿಗೆ ಸಲಹೆಗಾರ, ವಿದ್ಯಾನಗರ

ಏನೂ ಇಲ್ಲದ್ದಕ್ಕಿಂತ ಸಾವಿರ ಪಾಲು ವಾಸಿ. ಇವತ್ತೇ ಫೋನಿನಿಂದ ತೆಗೆದು ಎರಡು ಕಡೆ ಉಳಿಸಿ. ಸರಬರಾಜುದಾರರ ಹತ್ತಿರ ಬಿಲ್ಲಿನ ಪ್ರತಿ ಕೇಳಿ, ಅವರೂ ಅಷ್ಟೇ ವರ್ಷ ಇಡಬೇಕಲ್ಲ. ಬ್ಯಾಂಕಿನಿಂದ ಆ ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಮುಂದಿನ ವರ್ಷಗಳದ್ದು ಫೋಟೋ ಇದ್ದರೂ ಮೂಲ ಕಾಗದ ಅವಧಿ ಮುಗಿಯುವ ತನಕ ಬಿಡಬೇಡಿ. ಜಿಎಸ್‌ಟಿಯಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ ಒಪ್ಪಿಗೆ ಇದೆ, ಆದರೆ ಅದಕ್ಕೆ ಡಿಜಿಟಲ್ ಸಹಿ ಬೇಕು. ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೋ ಅದಲ್ಲ.

ಪ್ರೆಸ್ಸಿನವ, ಗದಗ

ಅವಧಿ ಮುಗಿದದ್ದನ್ನು ಕೊಡುವಾಗಲೂ ಇಡಿ ಇಡಿಯಾಗಿ ರದ್ದಿಗೆ ಕೊಡಬೇಡಿ. ನಾನು ಒಂದು ಸಂಜೆ ಮಿರ್ಚಿ ಕಟ್ಟಿಸಿಕೊಂಡು ಬಂದು ಬಿಚ್ಚಿದರೆ, ಎಣ್ಣೆ ಹತ್ತಿದ ಕಾಗದದಲ್ಲಿ ಯಾರದೋ ಪ್ಯಾನ್ ನಂಬರು, ಖಾತೆ ನಂಬರು, ಸಹಿ ಮೂರೂ ಇದ್ದವು. ಪಾಪ, ಯಾರದ್ದೋ. ಸಹಿ, ಆಧಾರ್, ಖಾತೆ ನಂಬರ್ ಇರುವ ಹಾಳೆ ಬೇರೆ ತೆಗೆದು ನೀರಿನಲ್ಲಿ ನೆನೆಹಾಕಿ ಹಿಚುಕಿಬಿಡಿ. ಉಳಿದ ಚೆಕ್ ಬುಕ್ ಹಾಳೆ ಹರಿಯಿರಿ. ಗದುಗಿನಲ್ಲಿ ಯಾರಿಗಾದರೂ ಬೇಕಾದರೆ ನಮ್ಮ ಕಟಿಂಗ್ ಮಷೀನಿನಲ್ಲಿ ಕತ್ತರಿಸಿ ಕೊಡುತ್ತೇನೆ.

ಬಾಂಡೆ ಅಂಗಡಿ ಮಗಳು, ಹುಬ್ಬಳ್ಳಿ

ಎಲ್ಲರಿಗೂ ಮತ್ತೆ ನಮಸ್ಕಾರ. ನಾಲ್ಕು ದಿನ ನಾನು, ತಮ್ಮ, ಅವ್ವ ಮೂವರೂ ಕೂತು 14 ಚೀಲ ಬಿಚ್ಚಿದೆವು.

ಟ್ರಾನ್-1 ಹಾಕಿದ್ದು ನಿಜ. 2017ರ ಜೂನ್ 30ರ ಮಾಲಿನ ಪಟ್ಟಿ ಅಪ್ಪ ಕೈಯಲ್ಲೇ ಬರೆದಿದ್ದಾರೆ, ಸ್ಟೀಲ್ ಡಬ್ಬಿ ಎಷ್ಟು, ತಾಮ್ರದ ಕೊಡ ಎಷ್ಟು ಅಂತ ಆರು ಪುಟ. ಅದರ ಹಿಂದೆ ಒಂದೊಂದಕ್ಕೂ ಖರೀದಿ ಬಿಲ್ ಪಿನ್ ಹೊಡೆದಿದ್ದರು. ಅದನ್ನು 2017-18ರ ಚೀಲಕ್ಕೆ ಸೇರಿಸಿ "2026 ಫೆಬ್ರವರಿ ಮುಗಿದ ಮೇಲೆ ನೋಡುವುದು" ಅಂತ ಬರೆದೆವು. ಉಳಿದ ಜಿಎಸ್‌ಟಿ ವರ್ಷಗಳಿಗೂ ಒಂದೊಂದು ತಾರೀಖು ಬರೆದ ರಟ್ಟು ಕಟ್ಟಿದ್ದೇವೆ. ಗೋಣಿ ಚೀಲ ಬಿಟ್ಟು ತಗಡಿನ ಡಬ್ಬಿ ತಂದೆವು, ಒರಲಿ ಹತ್ತದ ಹಾಗೆ ಇಟ್ಟಿಗೆ ಮೇಲೆ ಇಟ್ಟಿದ್ದೇವೆ. ಹಳೆ ವ್ಯಾಟ್ ಬಿಲ್ ಬುಕ್ ಆರು ಚೀಲ ಹೊರಗೆ ಹೋಗುತ್ತವೆ. ಅವ್ವ ಒಪ್ಪಿದಳು. 1991ರ ಮೊದಲ ಕಿರ್ದಿ ಮಾತ್ರ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ.

ಮನೆ ಕಟ್ಟಿಸಿದ ಬಿಲ್ಲುಗಳೂ ಸಿಕ್ಕವು, ಒರಲಿ ಹತ್ತಿದ ಚೀಲದಲ್ಲೇ. ಅರ್ಧ ತಿಂದಿದೆ. ಉಳಿದದ್ದನ್ನು ಇವತ್ತೇ ಸ್ಕ್ಯಾನ್ ಮಾಡಿಸಿದೆ.

ನಿವೃತ್ತ ಗುಮಾಸ್ತ, ಬೆಟಗೇರಿ

ಒಳ್ಳೇ ಕೆಲಸ ಮಾಡಿದಿರಿ ತಂಗಿ. ಹಾಜರಿ ಪುಸ್ತಕ ಸಿಕ್ಕಿತಾ?

ಬಾಂಡೆ ಅಂಗಡಿ ಮಗಳು, ಹುಬ್ಬಳ್ಳಿ

ಸಿಕ್ಕಿತು ಕಾಕಾ. ಮೂರು ಪುಸ್ತಕ, 2003ರಿಂದ. ನಮ್ಮದು ಪಿಎಫ್ ಇಲ್ಲದ ಸಣ್ಣ ಅಂಗಡಿ, ಆದರೂ ಅಪ್ಪ ತಿಂಗಳು ತಿಂಗಳು ಸಹಿ ಹಾಕಿಸಿಕೊಂಡಿದ್ದಾರೆ. ಅದರಲ್ಲಿ ಹನ್ನೊಂದು ವರ್ಷ ಇದ್ದ ಒಬ್ಬ ಅಣ್ಣ ಈಗ ಹಳೇ ಹುಬ್ಬಳ್ಳಿಯಲ್ಲಿದ್ದಾರೆ. ನಮ್ಮ ಹತ್ತಿರ ದುಡಿದದ್ದಕ್ಕೆ ಪತ್ರ ಬೇಕಿತ್ತು ಅಂತ ಅಪ್ಪ ಇದ್ದಾಗ ಒಮ್ಮೆ ಕೇಳಿದ್ದರಂತೆ, ತಮ್ಮನಿಗೆ ನೆನಪಿದೆ. ನಾಳೆ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋಗುತ್ತೇವೆ.